ಲೇಡಿ ಮ್ಯಾಕ್‌ಬೆತ್ ಗಂಡನನ್ನು ‘ನೀನು’ ಅನ್ನಬೇಕಾ, ‘ನೀವು’ ಅನ್ನಬೇಕಾ?

ತುಂಗೆಯ ದಡ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಹವ್ಯಾಸಿ ತಂಡ ಇದೆ. ಈ ಸಲ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಡೋಣ ಅಂತ ಹೊರಟಿದ್ದೇವೆ. ಮಾತುಗಳನ್ನು ನಾವೇ ಕನ್ನಡಕ್ಕೆ ತರುತ್ತಿದ್ದೇವೆ. ಸಂಜೆ ಕೆಲಸ ಮುಗಿಸಿ ಬಂದು ದಿನಕ್ಕೆ ಒಂದು ಪುಟ, ಹೆಚ್ಚೆಂದರೆ ಎರಡು.

ಮೊದಲ ಅಂಕದಲ್ಲೇ ಗಾಡಿ ನಿಂತುಬಿಟ್ಟಿದೆ. ಲೇಡಿ ಮ್ಯಾಕ್‌ಬೆತ್ ಗಂಡನ ಜೊತೆ ಮಾತಾಡುವಾಗ ‘ನೀನು’ ಅನ್ನಬೇಕಾ, ‘ನೀವು’ ಅನ್ನಬೇಕಾ? ಪಾತ್ರ ಮಾಡುವ ಹುಡುಗಿ ‘ನೀನು’ ಅಂತಾಳೆ. ಗಂಡನಿಗೆ ಮೂಗುದಾರ ಹಾಕಿ ಕೊಲೆಗೆ ಎಳೆದುಕೊಂಡು ಹೋಗುವವಳ ಬಾಯಲ್ಲಿ ‘ನೀವು’ ಹೇಗೆ ಬರುತ್ತೆ ಅನ್ನುವುದು ಅವಳ ಪ್ರಶ್ನೆ. ಮ್ಯಾಕ್‌ಬೆತ್ ಮಾಡುವವರು ಒಪ್ಪುತ್ತಿಲ್ಲ. ದೊಡ್ಡ ಮನೆತನ, ಗಂಡ ಸೇನಾಪತಿ, ಮರ್ಯಾದೆ ಕೊಡದೆ ಇರುತ್ತಾಳಾ ಅಂತ ಅವರ ವಾದ.

ಎರಡು ವಾರದಿಂದ ಇದೇ ಜಗಳ. ಕೊಲೆಯ ಆಸೆ ಮೊದಲು ಯಾರ ಎದೆಯಲ್ಲಿ ಹುಟ್ಟಿತು ಅನ್ನುವುದು ಗೊತ್ತಾದರೆ ಉತ್ತರ ಸಿಗಬಹುದು ಅಂತ ನನಗನ್ನಿಸುತ್ತೆ. ನೀವೇನಂತೀರಿ?

ಬೆಣ್ಣೆದೋಸೆ:

ಇದರಲ್ಲಿ ಅನುಮಾನ ಯಾಕೆ? ಅವಳ ಎದೆಯಲ್ಲೇ. ಗಂಡನ ಕಾಗದ ಬರುತ್ತೆ. ಮಾಟಗಾತಿಯರು ‘ನೀನು ರಾಜನಾಗುತ್ತೀಯ’ ಅಂದರು ಅಂತ ಅದರಲ್ಲಿ ಇದೆ, ಅಷ್ಟೇ. ಕೊಲೆಯ ಮಾತೇ ಇಲ್ಲ. ಕಾಗದ ಮಡಿಸುವುದರೊಳಗೆ ಇವಳ ತಲೆಯಲ್ಲಿ ಕೊಲೆ ತಯಾರಾಗಿದೆ. ದೊರೆ ಡಂಕನ್ ಇವತ್ತು ರಾತ್ರಿ ನಿಮ್ಮ ಮನೆಗೇ ಬರುತ್ತಾನೆ ಅಂತ ಆಳು ಹೇಳಿದ ಮೇಲಂತೂ ಮುಗಿದೇ ಹೋಯಿತು. ಕೈಕೇಯಿಗೆ ತಲೆ ಕೆಡಿಸೋಕೆ ಒಬ್ಬ ಮಂಥರೆ ಬೇಕಿತ್ತು. ಇವಳು ತಾನೇ ಕೈಕೇಯಿ, ತಾನೇ ಮಂಥರೆ. ‘ನೀನು’ ಅಂತಲೇ ಹಾಕಿ.

ಹಳೇ ಮೇಷ್ಟ್ರು:

ತುಂಬಾ ವರ್ಷ ಈ ನಾಟಕ ಪಾಠ ಮಾಡಿದ್ದೇನೆ. ಮೊದಮೊದಲು ನಾನೂ ಬೆಣ್ಣೆದೋಸೆಯವರ ಹಾಗೇ ಹೇಳುತ್ತಿದ್ದೆ. ಹುಡುಗರಿಗೆ ಉತ್ತರ ಬರೆಯೋಕೆ ಸುಲಭ, ಅಲ್ವಾ? ‘ಮಹತ್ವಾಕಾಂಕ್ಷೆಯ ಹೆಂಡತಿ, ದುರ್ಬಲ ಗಂಡ’. ಆಮೇಲೆ ಒಂದು ಸಲ ಸುಮ್ನೆ ಕೂತು, ಅವಳು ರಂಗಕ್ಕೆ ಬರುವ ಮೊದಲು ಏನೇನು ನಡೆಯುತ್ತೆ ಅಂತ ಮತ್ತೆ ಓದಿದೆ.

ಮೂರನೇ ದೃಶ್ಯದಲ್ಲಿ ಮಾಟಗಾತಿಯರ ಮಾತು ಕೇಳಿದ ಕೂಡಲೇ ಮ್ಯಾಕ್‌ಬೆತ್‌ಗೆ ಕೂದಲು ನೆಟ್ಟಗಾಗುತ್ತೆ. ಮನಸ್ಸಿಗೆ ಬಂದ ಚಿತ್ರಕ್ಕೆ ಎದೆ ಪಕ್ಕೆಲುಬಿಗೆ ಬಡಿಯುತ್ತೆ. ‘ಕೊಲೆ’ ಅನ್ನುವ ಮಾತನ್ನು ಆಗಲೇ ಅವನೇ ಬಾಯಿಬಿಟ್ಟು ಹೇಳಿಕೊಳ್ಳುತ್ತಾನೆ. ಅವರು ಕೊಲೆ ಮಾಡು ಅಂದಿರಲೇ ಇಲ್ಲ. ನಾಲ್ಕನೇ ದೃಶ್ಯದಲ್ಲಿ ನಕ್ಷತ್ರಗಳಿಗೆ ಬೆಂಕಿ ಆರಿಸಿಕೊಳ್ಳಿ ಅನ್ನುತ್ತಾನೆ. ತನ್ನ ಕಪ್ಪು ಆಸೆ ಬೆಳಕಿಗೆ ಕಾಣಬಾರದು ಅಂತ. ಐದನೇ ದೃಶ್ಯದಲ್ಲಿ ಅವಳು ಕತ್ತಲನ್ನು ಕರೆಯುತ್ತಾಳೆ. ನನ್ನ ಚಾಕುವಿಗೆ ತಾನು ಮಾಡಿದ ಗಾಯ ಕಾಣದಿರಲಿ ಅನ್ನುತ್ತಾಳೆ. ಇಬ್ಬರೂ ಇನ್ನೂ ಭೇಟಿಯಾಗಿಲ್ಲ. ಬೇರೆ ಬೇರೆ ಊರಿನಲ್ಲಿ ನಿಂತು ಇಬ್ಬರೂ ಒಂದೇ ಕತ್ತಲನ್ನು ಕೇಳುತ್ತಿದ್ದಾರೆ. ಹೀಗಿರುವಾಗ ಯಾರು ಯಾರ ತಲೆ ಕೆಡಿಸಿದರು ಅನ್ನೋಣ?

ಇನ್ನೊಂದು ಮಾತು. ಶೇಕ್ಸ್‌ಪಿಯರ್ ಈ ಕಥೆಯನ್ನು ಹಾಲಿನ್‌ಷೆಡ್‌ನ ಚರಿತ್ರೆಯ ಪುಸ್ತಕದಿಂದ ತಗೊಂಡ. ಅದರಲ್ಲಿ ಮ್ಯಾಕ್‌ಬೆತ್‌ನ ಹೆಂಡತಿಗೆ ಸಿಗುವುದು ಎರಡು ಸಾಲು ಮಾತ್ರ. ರಾಣಿ ಅನ್ನಿಸಿಕೊಳ್ಳುವ ಆರದ ಆಸೆಯಿಂದ ಗಂಡನ ಬೆನ್ನು ಹತ್ತಿದಳು ಅಂತ. ಶೇಕ್ಸ್‌ಪಿಯರ್ ಆ ಆಸೆಯನ್ನೇ ಅವಳ ಬಾಯಿಂದ ತೆಗೆದುಬಿಟ್ಟ. ಇಡೀ ನಾಟಕದಲ್ಲಿ ಅವಳು ‘ನಾನು ರಾಣಿಯಾಗಬೇಕು’ ಅನ್ನುವುದಿಲ್ಲ. ಕಿರೀಟದ ಮಾತು ಬಂದಾಗ ಅದು ಅವನ ತಲೆಗೆ. ಮುಂದಿನ ದಿನಗಳ ಮಾತು ಬಂದಾಗ ‘ನಮ್ಮ’ ಹಗಲು, ‘ನಮ್ಮ’ ರಾತ್ರಿ. ಅವನೂ ಕಾಗದದಲ್ಲಿ ಅವಳನ್ನು ಕರೆದದ್ದು ತನ್ನ ದೊಡ್ಡತನದ ಪಾಲುಗಾತಿ ಅಂತಲೇ.

ಕೊಲ್ಲುವ ಮನಸ್ಸು ಅವಳಿಗಿತ್ತು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಅವಳೊಬ್ಬಳ ಆಸ್ತಿ ಆಗಿರಲಿಲ್ಲ.

ಬೆಣ್ಣೆದೋಸೆ:

ಮೇಷ್ಟ್ರೇ, ಯೋಚನೆ ಬರುವುದು ಬೇರೆ, ಮಾಡುವುದು ಬೇರೆ. ಏಳನೇ ದೃಶ್ಯದಲ್ಲಿ ಅವನು ‘ಈ ಕೆಲಸ ಇಲ್ಲಿಗೇ ಬಿಡೋಣ’ ಅಂತಾನೆ. ಡಂಕನ್ ನೆಂಟ, ದೊರೆ, ಮೇಲಾಗಿ ಮನೆಗೆ ಬಂದ ಅತಿಥಿ ಅಂತ ಯೋಚಿಸಿ ಹಿಂದೆ ಸರಿದಿದ್ದಾನೆ. ಅಲ್ಲಿಗೇ ನಾಟಕ ಮುಗಿಯುತ್ತಿತ್ತು. ಮತ್ತೆ ಹೊತ್ತಿಸಿದ್ದು ಯಾರು? ಅದೂ ಎಂಥ ಮಾತಾಡಿ! ಹಾಲು ಕುಡಿಯುವ ಕೂಸಿನ ಬಾಯಿಂದ ಮೊಲೆ ಕಿತ್ತು, ಅದರ ತಲೆ ಒಡೆಯುತ್ತಿದ್ದೆ ಅಂತಾಳೆ. ಇದಕ್ಕಿಂತ ಸಾಕ್ಷಿ ಬೇಕಾ?

ಕಪ್ಪು ಕೋಟು:

ನಾನು ವಕೀಲಿ ಮಾಡುವವಳು, ಅದಕ್ಕೇ ಈ ಪ್ರಶ್ನೆ ನೋಡಿ ಸುಮ್ಮನಿರೋಕೆ ಆಗಲಿಲ್ಲ. ನಮ್ಮ ಇವತ್ತಿನ ಕಾನೂನಿನಲ್ಲಿ ಅವಳ ಮೇಲಿನ ಕೇಸು ತುಂಬಾ ಗಟ್ಟಿ.

ಮನಸ್ಸಿನಲ್ಲಿ ಕೊಲೆಯ ಚಿತ್ರ ಬಂದರೆ ಅದು ಅಪರಾಧ ಆಗುವುದಿಲ್ಲ. ಹಾಗಾಗಿ ಮೂರನೇ ದೃಶ್ಯದ ಮ್ಯಾಕ್‌ಬೆತ್ ಇನ್ನೂ ಅಪರಾಧಿ ಅಲ್ಲ. ಹಿಂದೆ ಸರಿದವನನ್ನು ಮತ್ತೆ ಎತ್ತಿಕಟ್ಟಿದ್ದು ಪ್ರಚೋದನೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 45ನೇ ಕಲಂ. ಇಬ್ಬರೂ ಕೂತು ಉಪಾಯ ಮಾಡಿದ್ದು ಒಳಸಂಚು, 61ನೇ ಕಲಂ. ಕಾವಲಿನವರ ಹಾಲಿಗೆ ಮದ್ದು ಬೆರೆಸಿದವಳು ಅವಳು. ಅವನ ಕೈಗೆ ಸಿಗುವ ಹಾಗೆ ಚಾಕುಗಳನ್ನು ತೆಗೆದಿಟ್ಟವಳೂ ಅವಳು. ಕೊಲೆಯಾದ ಮೇಲೆ ಅವನು ಗಾಬರಿಯಲ್ಲಿ ಚಾಕುಗಳನ್ನು ಹಿಡಿದುಕೊಂಡೇ ಬಂದುಬಿಡುತ್ತಾನೆ. ವಾಪಸ್ ಹೋಗೋಕೆ ಹೆದರುತ್ತಾನೆ. ಅವಳೇ ಒಳಗೆ ಹೋಗಿ ಅವನ್ನು ಇಟ್ಟು, ಮಲಗಿದ್ದ ಕಾವಲಿನವರಿಗೆ ರಕ್ತ ಬಳಿದು ಬರುತ್ತಾಳೆ. ಬೇರೆಯವರ ತಲೆಗೆ ಕಟ್ಟಲು ಸಾಕ್ಷಿ ಸೃಷ್ಟಿ. ಇರಿದವಳು ಅವಳಲ್ಲ ಅನ್ನುವುದು ಕೋರ್ಟಿನಲ್ಲಿ ಅವಳನ್ನು ಉಳಿಸುವುದಿಲ್ಲ. ಇಬ್ಬರದೂ ಒಂದೇ ಉದ್ದೇಶ.

ಆದರೆ ಬೆಣ್ಣೆದೋಸೆಯವರೇ, ಮೂರನೇ ಅಂಕಕ್ಕೆ ಬನ್ನಿ. ಮ್ಯಾಕ್‌ಬೆತ್‌ನ ಗೆಳೆಯ ಬ್ಯಾಂಕ್ವೋನ ಕೊಲೆಯ ಚಾರ್ಜ್‌ಶೀಟಿನಲ್ಲಿ ಅವಳ ಹೆಸರೇ ಬರುವುದಿಲ್ಲ. ಬಾಡಿಗೆ ಹಂತಕರನ್ನು ಕರೆಸಿದವನು ಅವನೊಬ್ಬನೇ. ಏನು ಮಾಡೋಕೆ ಹೊರಟಿದ್ದೀರಿ ಅಂತ ಅವಳು ಕೇಳುತ್ತಾಳೆ. ‘ನಿನಗೆ ಗೊತ್ತಾಗದೇ ಇರಲಿ ಚಿನ್ನಾ, ಆದ ಮೇಲೆ ಶಹಬ್ಬಾಸ್ ಅನ್ನುವೆಯಂತೆ’ ಅಂತ ಬಾಯಿ ಮುಚ್ಚಿಸುತ್ತಾನೆ. ಫೈಫ್ ಸೀಮೆಯ ಒಡೆಯ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸುವಾಗಲಂತೂ ಅವಳು ರಂಗದ ಮೇಲೇ ಇಲ್ಲ. ನಾಲ್ಕನೇ ಅಂಕ ಪೂರ್ತಿ ಅವಳಿಲ್ಲ. ಒಂದು ಕೊಲೆಗೆ ಅವಳು ಬೇಕಾಗಿದ್ದಳು. ಆಮೇಲಿನವಕ್ಕೆ ಬೇಕಾಗಲೇ ಇಲ್ಲ.

ಎಳೆಕೂಸಿನಮ್ಮ:

ಆ ಕೂಸಿನ ಮಾತಿನ ಬಗ್ಗೆ ಹೇಳಬೇಕು ಅಂತ ಬಂದೆ. ನನ್ನ ಮಗುವಿಗೆ ಈಗ ಏಳು ತಿಂಗಳು. ಕಾಲೇಜಿನಲ್ಲಿ ಆ ಸಾಲು ಓದಿದಾಗ ರಾಕ್ಷಸಿ ಅನ್ನಿಸಿತ್ತು. ಮೊನ್ನೆ ರಾತ್ರಿ ಮೂರು ಗಂಟೆಗೆ ಮಗುವಿಗೆ ಹಾಲು ಕೊಡುತ್ತಾ ಫೋನಿನಲ್ಲಿ ಮತ್ತೆ ಓದಿದೆ. ಈ ಸಲ ಕಣ್ಣು ನಿಂತದ್ದು ಆ ಮಾತಿನ ಮೊದಲ ಅರ್ಧದ ಮೇಲೆ.

‘ನಾನು ಹಾಲೂಡಿಸಿದವಳು. ನನ್ನ ಹಾಲು ಕುಡಿಯುವ ಕೂಸಿನ ಮೇಲೆ ಎಷ್ಟು ಅಕ್ಕರೆ ಬರುತ್ತೆ ಅಂತ ನನಗೆ ಗೊತ್ತು.’ ಅವಳು ಶುರು ಮಾಡುವುದು ಇಲ್ಲಿಂದ. ಆ ಕೂಸು ತನ್ನ ಮುಖ ನೋಡಿ ನಗುತ್ತಿತ್ತು ಅನ್ನುವುದನ್ನೂ ಬಿಡುವುದಿಲ್ಲ. ಇದು ನೋಡಿದವರು ಹೇಳುವ ಮಾತಲ್ಲ, ಅನುಭವಿಸಿದವರು ಹೇಳುವ ಮಾತು. ನೀನು ಆಣೆ ಮಾಡಿದ ಹಾಗೆ ನಾನು ಆಣೆ ಮಾಡಿದ್ದರೆ ಆ ಕೂಸನ್ನೂ ಬಿಡುತ್ತಿರಲಿಲ್ಲ ಅನ್ನುವುದು ಆಮೇಲೆ. ತನಗೆ ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದನ್ನೇ ತೆಗೆದು ಪಣಕ್ಕಿಡುತ್ತಿದ್ದಾಳೆ. ಏನೂ ಅನ್ನಿಸದವಳು ಈ ಉದಾಹರಣೆ ಕೊಡೋಕೆ ಆಗೋದೇ ಇಲ್ಲ.

ಆ ಕೂಸು ಎಲ್ಲಿದೆ ಈಗ? ನಾಟಕದಲ್ಲಿ ಒಂದು ಮಗುವಿನ ಸದ್ದೂ ಅವರ ಮನೆಯಲ್ಲಿಲ್ಲ. ಮಗುವನ್ನು ಕಳೆದುಕೊಂಡವಳಾ? ಅದನ್ನು ಯೋಚಿಸಿದರೆ ನನಗೆ ಹೊಟ್ಟೆ ಕಿವುಚುತ್ತೆ.

ಇನ್ನೊಂದು ನೋಡಿ. ಅವಳು ದೆವ್ವಗಳನ್ನು ಕರೆದು ‘ನನ್ನ ಹೆಣ್ತನ ಕಿತ್ತುಹಾಕಿ, ಎದೆಹಾಲು ತಗೊಂಡು ಪಿತ್ತ ತುಂಬಿ, ಅಯ್ಯೋ ಅನ್ನಿಸುವ ದಾರಿ ಮುಚ್ಚಿ’ ಅಂತ ಬೇಡಿಕೊಳ್ಳುತ್ತಾಳೆ. ಕಲ್ಲು ಹೃದಯದವಳು ಕಲ್ಲಾಗಿಸು ಅಂತ ಯಾಕೆ ಬೇಡಬೇಕು?

ಹಳೇ ಮೇಷ್ಟ್ರು:

ಅಮ್ಮಾ, ಒಳ್ಳೆಯ ಮಾತು ಹೇಳಿದಿರಿ. ಹಾಲು ಅಲ್ಲಿಗೇ ನಿಲ್ಲುವುದಿಲ್ಲ. ಗಂಡನಲ್ಲಿ ಮರುಕದ ಹಾಲು ಜಾಸ್ತಿ ತುಂಬಿದೆ ಅಂತ ಅವಳು ಹೆದರುತ್ತಾಳೆ. ಕಾವಲಿನವರಿಗೆ ಅವಳು ಮದ್ದು ಹಾಕಿ ಕೊಡುವ ಪಾನೀಯವೂ ಬಿಸಿ ಹಾಲಿಗೆ ಮದ್ಯ ಬೆರೆಸಿ ಒಡೆಸಿದ್ದು. ಆ ಮನೆಯಲ್ಲಿ ಹಾಲು ಎಲ್ಲಾ ಕಡೆ ಒಡೆಯುತ್ತಿದೆ.

ಚೌಕಿ:

ತುಂಗೆಯ ದಡ ಅವರೇ, ನಾನು ಕರಾವಳಿ ಕಡೆಯವನು, ಯಕ್ಷಗಾನವೂ ನಾಟಕವೂ ಎರಡೂ ಹುಚ್ಚು. ‘ನೀನು/ನೀವು’ ತರಹದ್ದೇ ಇನ್ನೊಂದು ಕಷ್ಟ ನಿಮಗೆ ಅದೇ ದೃಶ್ಯದಲ್ಲಿ ಎದುರಾಗುತ್ತೆ, ಈಗಲೇ ಹೇಳಿಬಿಡುತ್ತೇನೆ.

ಮ್ಯಾಕ್‌ಬೆತ್ ‘ನಾವು ಸೋತರೆ?’ ಅಂತ ಕೇಳುತ್ತಾನೆ. ಅವಳದು ಮೂಲದಲ್ಲಿ ಎರಡೇ ಪದ. 1623ರ ಮೊದಲ ಮುದ್ರಣದಲ್ಲಿ ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ. ಆ ಕಾಲದಲ್ಲಿ ಅದೇ ಚಿಹ್ನೆಯನ್ನು ಉದ್ಗಾರಕ್ಕೂ ಹಾಕುತ್ತಿದ್ದರು. ಹಾಗಾಗಿ ನಟಿಗೆ ಮೂರು ದಾರಿ. ‘ಸೋಲ್ತೀವಾ?’ ಅಂತ ನಿಜವಾಗಿ ಕೇಳುವುದು. ‘ಸೋಲೋದಾ, ನಾವಾ!’ ಅಂತ ತಿರಸ್ಕಾರದಲ್ಲಿ ಹೇಳುವುದು. ‘ಸೋತರೆ ಸೋತೆವು’ ಅಂತ ತಣ್ಣಗೆ ಹೇಳುವುದು. ಇಂಗ್ಲಿಷಿನಲ್ಲಿ ಮಾತು ಒಂದೇ, ಧಾಟಿ ಬದಲಾದರೆ ಸಾಕು. ಕನ್ನಡದಲ್ಲಿ ಕ್ರಿಯಾಪದವೇ ಬದಲಾಗುತ್ತೆ. ನಟಿಗೆ ಬಿಡುವ ಹಾಗಿಲ್ಲ, ಬರೆಯುವವರೇ ಆರಿಸಬೇಕು.

ಲಂಡನ್ನಿನ ಸಾರಾ ಸಿಡನ್ಸ್ 1785ರಲ್ಲಿ ಡ್ರೂರಿ ಲೇನ್ ರಂಗಮಂದಿರದಲ್ಲಿ ಈ ಪಾತ್ರ ಮಾಡಿ ಹೆಸರಾದರು. ಅವರು ಮೂರೂ ರೀತಿ ಆಡಿ ನೋಡಿ, ಕೊನೆಗೆ ತಣ್ಣಗಿನ ದಾರಿ ಹಿಡಿದರಂತೆ. ನನಗೂ ‘ಸೋತರೆ ಸೋತೆವು’ ಅನ್ನುವುದೇ ಇಷ್ಟ. ಅಬ್ಬರಿಸುವ ಕೊಲೆಗಾತಿಗಿಂತ ತಣ್ಣಗೆ ಮಾತಾಡುವವಳು ಹೆಚ್ಚು ಭಯ ಹುಟ್ಟಿಸುತ್ತಾಳೆ. ನಮ್ಮ ಬಣ್ಣದ ವೇಷದ ರಾಕ್ಷಸಿಯ ಹಾಗೆ ಆರ್ಭಟ ಕೊಟ್ಟು ಬರುವ ಪಾತ್ರ ಇದಲ್ಲ. ಬಿ.ವಿ. ಕಾರಂತರು 1979ರಲ್ಲಿ ದೆಹಲಿಯಲ್ಲಿ ಈ ನಾಟಕವನ್ನು ಯಕ್ಷಗಾನದ ನಡೆಯಲ್ಲಿ ‘ಬರ್ನಮ್ ವನ’ ಅಂತ ಹಿಂದಿಯಲ್ಲಿ ಕಟ್ಟಿದ್ದರು. ಅದರ ಬಗ್ಗೆ ಕೇಳಿದಾಗಿನಿಂದ ನನ್ನ ತಲೆಯಲ್ಲಿ ಇವಳು ಸ್ತ್ರೀವೇಷವೇ, ರಾಕ್ಷಸ ವೇಷ ಅಲ್ಲ.

ಬೆಣ್ಣೆದೋಸೆ:

ನಮ್ಮಲ್ಲೂ ಇಂಥವಳು ಇದ್ದಾಳಲ್ಲ? ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿ. ಗಂಡನಿಗೂ ಅತ್ತೆಗೂ ವಿಷ ಹಾಕಿ ಕೊಂದವಳು.

ಹಳೇ ಮೇಷ್ಟ್ರು:

ಇದ್ದಾಳೆ. ಆದರೆ ಅಮೃತಮತಿ ಕೊಲ್ಲುವುದು ಗಂಡನನ್ನು, ಮಾವುತನ ಮೇಲಿನ ಮೋಹಕ್ಕೆ. ಇವಳು ಕೊಲ್ಲಿಸುವುದು ಗಂಡನಿಗಾಗಿ. ಶೇಕ್ಸ್‌ಪಿಯರನ ಕೊಲೆಗಾರ ಜೋಡಿಗಳಲ್ಲಿ ಇವರಷ್ಟು ಒಬ್ಬರನ್ನೊಬ್ಬರು ಪ್ರೀತಿಸುವ ಗಂಡ ಹೆಂಡತಿ ನನಗೆ ಬೇರೆ ಸಿಕ್ಕಿಲ್ಲ. ನನಗೆ ದುಃಖವಾಗುವುದು ಇಲ್ಲೇ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ತುಂಗೆಯ ದಡ ಅವರೇ, ಶೇಕ್ಸ್‌ಪಿಯರನ ಇಂಗ್ಲಿಷಿನಲ್ಲೂ ಏಕವಚನ, ಬಹುವಚನ ಎರಡೂ ಇದ್ದವು. ಅವಳು ಎಲ್ಲಿ ಯಾವುದನ್ನು ಬಳಸುತ್ತಾಳೆ ಅಂತ ನಿನ್ನೆ ಪೆನ್ಸಿಲ್ ಹಿಡಿದು ಗುರುತು ಹಾಕಿದೆ.

ಕಾಗದ ಓದಿ ಒಬ್ಬಳೇ ಮಾತಾಡುವಾಗ ಗಂಡ ‘ನೀನು’. ಅವನು ಎದುರಿಗೆ ಬಂದು ನಿಂತರೆ ಹೆಚ್ಚಾಗಿ ‘ನೀವು’. ‘ನಿಮ್ಮ ಮುಖ ತೆರೆದಿಟ್ಟ ಪುಸ್ತಕದ ಹಾಗಿದೆ’ ಅನ್ನುವುದೂ ಬಹುವಚನದಲ್ಲೇ. ಅವನು ಹಿಂದೆ ಸರಿದಾಗ ಮಾತು ‘ನೀವು’ ಅಂತಲೇ ಶುರುವಾಗಿ, ನಡುವೆ ಒಂದೇ ಏಟಿಗೆ ‘ನೀನು’ಗೆ ಇಳಿಯುತ್ತೆ. ‘ನಿನ್ನ ಪ್ರೀತಿಯೂ ಇಷ್ಟೇ ಅಂತ ಇವತ್ತಿಂದ ತಿಳ್ಕೋತೀನಿ. ಆಸೆಪಡೋಕಾಗುತ್ತೆ, ಮಾಡೋಕೆ ಹೆದರಿಕೆನಾ ನಿನಗೆ?’ ಅಂತ. ಕೆಣಕಿದ ಮೇಲೆ ಮತ್ತೆ ‘ನೀವು’. ಆ ನಾಲ್ಕೈದು ಸಾಲಿನ ಏಕವಚನಕ್ಕೇ ಅವನು ಬಿದ್ದಿದ್ದು.

ಮೂರನೇ ಅಂಕದಲ್ಲಿ ಅವಳು ರಾಣಿ. ಗಂಡನ ಹತ್ತಿರ ನಾಲ್ಕು ಮಾತಾಡಬೇಕು. ಏನು ಮಾಡುತ್ತಾಳೆ ಗೊತ್ತಾ? ಆಳನ್ನು ಕಳಿಸುತ್ತಾಳೆ. ‘ದೊರೆಗಳಿಗೆ ಬಿಡುವಿದ್ದರೆ ಒಂದೆರಡು ಮಾತು’ ಅಂತ ಹೇಳಿಕಳಿಸುತ್ತಾಳೆ. ಹೆಂಡತಿ ಗಂಡನ ಸಮಯ ಕೇಳಿ ಕಾಯುತ್ತಿದ್ದಾಳೆ. ಆಳು ಹೋದ ಮೇಲೆ ಒಬ್ಬಳೇ ನಿಂತು, ಎಲ್ಲಾ ಖರ್ಚಾಯಿತು, ಕೈಗೆ ಏನೂ ಬರಲಿಲ್ಲ ಅಂದುಕೊಳ್ಳುತ್ತಾಳೆ. ಅವನು ಬಂದ ಕೂಡಲೇ ಅದನ್ನೆಲ್ಲ ನುಂಗಿಕೊಂಡು, ‘ಯಾಕೆ ಒಬ್ಬರೇ ಇರ್ತೀರಿ? ಆಗಿದ್ದು ಆಯಿತು’ ಅಂತ ಅವನಿಗೇ ಸಮಾಧಾನ ಹೇಳುತ್ತಾಳೆ. ಅಲ್ಲಿಂದ ಮುಂದೆ ಅವನಿಗೆ ಅವಳು ‘ನೀನು’. ಅವಳಿಗೆ ಅವನು ‘ನೀವು’.

ಔತಣದ ದೃಶ್ಯ ಮುಗಿದಿದೆ. ಬ್ಯಾಂಕ್ವೋನ ಪ್ರೇತ ಕಂಡು ಅವನು ಚೀರಾಡಿದ್ದಾನೆ. ಅವಳು ಹೇಗೋ ಸಂಭಾಳಿಸಿ ನೆಂಟರನ್ನು ಕಳಿಸಿದ್ದಾಳೆ. ಇಬ್ಬರೇ ಉಳಿದಿದ್ದಾರೆ. ಮ್ಯಾಕ್‌ಡಫ್ ಕರೆದರೂ ಬರಲಿಲ್ಲ ನೋಡು ಅಂತಾನೆ ಅವನು. ಅವಳು ಕೇಳುವುದು ಹೀಗೆ: ‘ಅವನಿಗೆ ಹೇಳಿಕಳಿಸಿದ್ದಿರಾ, ದೊರೆಗಳೇ?’ ಹೌದು. ಸುತ್ತ ಯಾರೂ ಇಲ್ಲದಾಗ ಕಟ್ಟಿಕೊಂಡ ಗಂಡನಿಗೆ ಹೊರಗಿನವರ ಹಾಗೆ ಮರ್ಯಾದೆಯ ಸಂಬೋಧನೆ. ಇಷ್ಟು ವರ್ಷ ಪಾಠ ಮಾಡಿದರೂ ಆ ಪುಟ್ಟ ಪದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿಮ್ಮ ಪ್ರಶ್ನೆಯಿಂದ ಬಿತ್ತು.

ಆಮೇಲೆ ಅವಳು ಗಂಡನಿಗೆ ಹೇಳುವುದು ಇನ್ನು ಒಂದೇ ಮಾತು. ಇಡೀ ನಾಟಕದಲ್ಲಿ ಅವನಿಗೆ ಅವಳ ಕೊನೆಯ ಮಾತು. ‘ನಿಮಗೆ ನಿದ್ದೆ ಇಲ್ಲದೆ ಹೀಗಾಗಿದೆ.’

ರಾತ್ರಿಪಾಳಿ:

ಮೇಷ್ಟ್ರೇ, ಇದನ್ನು ಡ್ಯೂಟಿಯಲ್ಲೇ ಓದಿದೆ. ಮುಂದೆ ಅವಳು ಕಾಣಿಸುವುದು ನಿದ್ದೆಯಲ್ಲಿ ನಡೆಯುತ್ತಾ ಅಲ್ವಾ.

ನಾನು ನರ್ಸ್. ಮಂಡ್ಯದವಳು, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸ. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ಲಂಫನನ್ ಅಂತ ಒಂದು ಊರಿದೆ. ನಿಜವಾದ ಮ್ಯಾಕ್‌ಬೆತ್ 1057ರಲ್ಲಿ ಅಲ್ಲಿ ಸತ್ತದ್ದು. ಅವನ ಹೆಂಡತಿಯ ಹೆಸರು ಗ್ರೂಖ್. ರಾಜವಂಶದ ಹೆಣ್ಣು. ಮೊದಲ ಗಂಡ 1032ರಲ್ಲಿ ತನ್ನ ಐವತ್ತು ಜನರ ಜೊತೆ ಬೆಂಕಿಯಲ್ಲಿ ಸತ್ತ. ಲೂಲಖ್ ಅಂತ ಒಬ್ಬ ಮಗನಿದ್ದ. ಡಂಕನ್ ಸತ್ತದ್ದು 1040ರಲ್ಲಿ, ಎಲ್ಗಿನ್ ಹತ್ತಿರದ ಯುದ್ಧದಲ್ಲಿ. ಅವಳ ಮನೆಯ ಹಾಸಿಗೆಯಲ್ಲಿ ಅಲ್ಲ. ಮ್ಯಾಕ್‌ಬೆತ್ 17 ವರ್ಷ ಆಳಿದ. ಗಂಡ ಹೆಂಡತಿ ಸೇರಿ ಲಾಕ್ ಲೆವೆನ್‌ನ ಸನ್ಯಾಸಿಗಳಿಗೆ ಜಮೀನು ಕೊಟ್ಟ ದಾಖಲೆ ಇದೆ. ನಿಜವಾದ ಗ್ರೂಖ್‌ಗೆ ನಾಟಕದಿಂದ ಅನ್ಯಾಯ ಆಗಿದೆ ಅನ್ನುವುದು ನನ್ನ ನೋವು. ಆದರೆ ನಾಟಕದವಳನ್ನೂ ಬಿಟ್ಟುಕೊಡೋಕೆ ನನಗೆ ಆಗಲ್ಲ.

ಐದನೇ ಅಂಕದ ಮೊದಲ ದೃಶ್ಯವನ್ನು ನಾನು ನರ್ಸ್ ಆಗಿಯೇ ಓದುವುದು. ವೈದ್ಯ ಎರಡು ರಾತ್ರಿ ಕಾದಿದ್ದಾನೆ, ಏನೂ ಕಂಡಿಲ್ಲ. ಪಕ್ಕದಲ್ಲಿ ಅವಳನ್ನು ನೋಡಿಕೊಳ್ಳುವ ಹೆಂಗಸು. ನಿದ್ದೆಯಲ್ಲಿ ರಾಣಿ ಏನು ಹೇಳುತ್ತಾಳೆ ಅಂತ ವೈದ್ಯ ಕೇಳಿದರೆ, ಸಾಕ್ಷಿ ಇಲ್ಲದೆ ಆ ಮಾತನ್ನು ನಿಮಗೂ ಹೇಳುವುದಿಲ್ಲ ಅಂತಾಳೆ. ಅಷ್ಟರಲ್ಲಿ ರಾಣಿಯೇ ದೀಪ ಹಿಡಿದು ಬರುತ್ತಾಳೆ. ದೀಪ ಎಲ್ಲಿಂದ ಬಂತು ಅಂತ ವೈದ್ಯ ಕೇಳುತ್ತಾನೆ. ‘ಯಾವಾಗಲೂ ಪಕ್ಕದಲ್ಲಿ ದೀಪ ಇರಲೇಬೇಕು, ಅವರದೇ ಅಪ್ಪಣೆ.’ ಕತ್ತಲನ್ನು ಕರೆದವಳು ಇವಳೇ ಅಲ್ವಾ?

ಕೈ ಉಜ್ಜುತ್ತಾಳೆ. ಕಾಲು ಗಂಟೆ ಉಜ್ಜುವುದೂ ಉಂಟಂತೆ. ಕೊಲೆಯ ರಾತ್ರಿ ಸ್ವಲ್ಪ ನೀರು ಹಾಕಿದರೆ ಎಲ್ಲಾ ಹೋಗುತ್ತೆ ಅಂದಿದ್ದಳು. ಈಗ ಅರಬ್ ದೇಶದ ಅಷ್ಟೂ ಅತ್ತರು ತಂದರೂ ಈ ಪುಟ್ಟ ಕೈಯ ವಾಸನೆ ಹೋಗಲ್ಲ ಅಂತಾಳೆ. ‘ಆ ಮುದುಕನ ಮೈಯಲ್ಲಿ ಇಷ್ಟೊಂದು ರಕ್ತ ಇದೆ ಅಂತ ಯಾರಿಗೆ ಗೊತ್ತಿತ್ತು?’ ಅನ್ನುತ್ತಾಳೆ. ಕೊಲ್ಲುವ ತನಕದ ಪ್ರತಿ ಹೆಜ್ಜೆಯನ್ನೂ ಯೋಚಿಸಿದ್ದಳು. ಕೊಂದ ಮೇಲೆ ರಕ್ತ ಬರುತ್ತೆ ಅನ್ನುವುದನ್ನು ಯೋಚಿಸಿರಲಿಲ್ಲ. ಮ್ಯಾಕ್‌ಬೆತ್ ಅದೆಲ್ಲವನ್ನೂ ಮೊದಲೇ ಕಣ್ಣ ಮುಂದೆ ಕಂಡಿದ್ದ. ಕಂಡೂ ಮಾಡಿದ. ನನಗೆ ಅವನ ತಪ್ಪೇ ಹೆಚ್ಚು ಅನ್ನಿಸುವುದು ಇದಕ್ಕೆ.

ಆಮೇಲೆ ಆ ಮಾತು: ‘ಫೈಫ್‌ನ ಒಡೆಯನಿಗೆ ಒಬ್ಬ ಹೆಂಡತಿ ಇದ್ದಳು. ಎಲ್ಲಿ ಅವಳೀಗ?’ ಮ್ಯಾಕ್‌ಡಫ್‌ನ ಹೆಂಡತಿಯ ಕೊಲೆಯಲ್ಲಿ ಇವಳ ಪಾಲಿಲ್ಲ. ಆದರೂ ಅದೂ ಇವಳ ಕೈಗೇ ಅಂಟಿದೆ. ಗಂಡ ಮಾಡಿದ್ದೆಲ್ಲ ಇವಳ ನಿದ್ದೆಯೊಳಗೆ ಬರುತ್ತಿದೆ.

ಬೆಣ್ಣೆದೋಸೆ:

ನಾನು ಪೂರ್ತಿ ಒಪ್ಪಲ್ಲ. ಪಶ್ಚಾತ್ತಾಪ ಪಟ್ಟ ಮಾತ್ರಕ್ಕೆ ಡಂಕನ್ ಎದ್ದು ಬರುವುದಿಲ್ಲ. ಮಲಗಿದ್ದಾಗ ಅವನು ತನ್ನ ಅಪ್ಪನ ಹಾಗೆ ಕಂಡ, ಇಲ್ಲದಿದ್ದರೆ ತಾನೇ ಇರಿಯುತ್ತಿದ್ದೆ ಅಂತ ಅವಳೇ ಹೇಳಿದ್ದಾಳಲ್ಲ. ಅಪ್ಪನ ಹಾಗೆ ಕಂಡವನನ್ನು ಗಂಡನ ಕೈಯಲ್ಲಿ ಕೊಲ್ಲಿಸಬಹುದಾ? ಆದರೆ ಆ ‘ದೊರೆಗಳೇ’ ಮಾತು ಓದಿದ ಮೇಲೆ ‘ನೀನು ಅಂತಲೇ ಹಾಕಿ’ ಅಂದಿದ್ದನ್ನು ವಾಪಸ್ ತಗೋತೀನಿ.

ಚೌಕಿ:

ದೀಪದ ಬಗ್ಗೆ ಒಂದು ಮಾತು. ಸಿಡನ್ಸ್‌ಗಿಂತ ಮೊದಲಿನವರು ಆ ದೃಶ್ಯದಲ್ಲಿ ದೀಪವನ್ನು ಕೈಯಿಂದ ಬಿಡುತ್ತಿರಲಿಲ್ಲವಂತೆ. ಸಿಡನ್ಸ್ ಅದನ್ನು ಕೆಳಗಿಟ್ಟು ಎರಡೂ ಕೈ ತೊಳೆಯುವ ಹಾಗೆ ಆಡಿದರು. ಬೇಡ ಅಂತ ರಂಗಮಂದಿರ ನಡೆಸುತ್ತಿದ್ದ ಷೆರಿಡನ್ ಅವರ ಕೋಣೆಗೇ ಬಂದು ಹೇಳಿದ್ದ. ಅವರು ಕೇಳಲಿಲ್ಲ. ಒಂದು ಕೈಯಲ್ಲಿ ದೀಪ ಹಿಡಿದು ಕೈ ತೊಳೆಯೋದು ಹೇಗೆ ಹೇಳಿ?

ತುಂಗೆಯ ದಡ:

ಎಲ್ಲರಿಗೂ ಕೈಮುಗಿದೆ. ಇವತ್ತು ತಂಡದವರಿಗೆ ಇದನ್ನೆಲ್ಲ ಓದಿ ಹೇಳಿದೆ. ಹೀಗೆ ಮಾಡುತ್ತಿದ್ದೇವೆ: ಒಬ್ಬಳೇ ಇದ್ದಾಗ ‘ನೀನು’. ಎದುರಿಗೆ ‘ನೀವು’. ಅವನು ಹಿಂದೆ ಸರಿದಾಗ ಆ ನಾಲ್ಕೈದು ಸಾಲು ಮಾತ್ರ ‘ನೀನು’. ಕೊನೆಗೆ ‘ದೊರೆಗಳೇ’. ‘ಸೋತರೆ ಸೋತೆವು’ ಅಂತಲೂ ಬರೆದುಕೊಂಡೆವು. ಡಿವಿಜಿಯವರ ಅನುವಾದವನ್ನೂ, ಇದೇ ನಾಟಕದ ಹಳೆಯ ಕನ್ನಡ ರೂಪಾಂತರವಾದ ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ವನ್ನೂ ಹುಡುಕುತ್ತಿದ್ದೇವೆ. ಅವರಿಬ್ಬರೂ ಇಲ್ಲಿ ಏನು ಮಾಡಿದ್ದಾರೆ ಅಂತ ನೋಡಬೇಕು.

ಪಾತ್ರ ಮಾಡುವ ಹುಡುಗಿ ಇಲ್ಲೇ ಪಕ್ಕದಲ್ಲಿದ್ದಾಳೆ. ಅವಳಿಗೊಂದು ಪ್ರಶ್ನೆಯಂತೆ, ಅವಳೇ ಟೈಪ್ ಮಾಡುತ್ತಾಳಂತೆ.

ತುಂಗೆಯ ದಡ:

ನಮಸ್ಕಾರ, ನಾನು ಲೇಡಿ ಮ್ಯಾಕ್‌ಬೆತ್ ಮಾಡುವವಳು. ಇವತ್ತು ‘ದೊರೆಗಳೇ’ ಅಂತ ಹೇಳಿ ನೋಡಿದೆ. ಮ್ಯಾಕ್‌ಬೆತ್ ಮಾಡುವ ಅಣ್ಣ ಒಂದು ಕ್ಷಣ ತನ್ನ ಮಾತು ಮರೆತು ನನ್ನ ಮುಖ ನೋಡಿದರು.

ರಾತ್ರಿಪಾಳಿ ಅಕ್ಕಾ, ನಿಮಗೆ ಈ ಪ್ರಶ್ನೆ. ನಿದ್ದೆಯಲ್ಲಿ ಎದ್ದು ಅವಳು ಪೆಟ್ಟಿಗೆಯ ಬೀಗ ತೆಗೆದು ಒಂದು ಕಾಗದ ತೆಗೆಯುತ್ತಾಳೆ, ಏನೋ ಬರೆಯುತ್ತಾಳೆ, ಓದುತ್ತಾಳೆ, ಮುದ್ರೆ ಹಾಕಿ ಇಡುತ್ತಾಳೆ ಅಂತ ಆ ನೋಡಿಕೊಳ್ಳುವ ಹೆಂಗಸು ಹೇಳುತ್ತಾಳೆ. ರಂಗದ ಮೇಲೆ ಅದು ಕಾಣುವುದಿಲ್ಲ. ಆದರೂ ಏನು ಬರೆದೆ ಅಂತ ನನಗೆ ಗೊತ್ತಿರಬೇಕು ಅನ್ನಿಸುತ್ತೆ. ಗಂಡ ಯುದ್ಧಕ್ಕೆ ಹೋದಾಗಿನಿಂದ ಇದು ಶುರುವಾಗಿದ್ದಂತೆ. ಅವನಿಗೇ ಬರೆಯುತ್ತಿದ್ದಾಳಾ?

ರಾತ್ರಿಪಾಳಿ:

ಅವನಿಗೇ ಕಣಮ್ಮಾ. ಮೊದಲ ಸಲ ಅವಳು ರಂಗಕ್ಕೆ ಬಂದದ್ದು ಅವನ ಕಾಗದ ಓದುತ್ತಾ ಅಲ್ವಾ? ಅದಕ್ಕೆ ಉತ್ತರ ಬರೆಯೋಕೆ ಈಗ ಕೂತಿದ್ದಾಳೆ. ಕಾಗದದಲ್ಲಿ ‘ನೀನು’ ಅಂತಲೇ ಬರಿ.